ಲ್ಯಾಬಿನ ಬಾಗಿಲು ತಟ್ಟುವ ಮುನ್ನ: ವಿಶ್ವವಿದ್ಯಾಲಯದ ಜೊತೆ ಸಂಶೋಧನೆಗೆ ಹೊರಟವರ ಪ್ರಶ್ನೆಗಳು

ಕಂಪನಿಗಳು ವಿಶ್ವವಿದ್ಯಾಲಯಗಳ ಜೊತೆ ಸೇರಿ ಸಂಶೋಧನೆ ಮಾಡುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಎಂಟನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿದ್ದೇವೆ. ಪೇಟೆಂಟ್, ತೆರಿಗೆ, ಕರಾರಿನ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಹಾಗಾಗಿ ಸಹಿ ಹಾಕುವ ಮೊದಲು ಕಾಗದಪತ್ರವನ್ನು ನಿಮ್ಮ ವಕೀಲರಿಗೆ ಒಮ್ಮೆ ತೋರಿಸಿ.

ಪ್ರಶ್ನೆ: ನಮ್ಮದು ಪಂಪುಗಳಿಗೆ ರಬ್ಬರ್ ಸೀಲ್ ಮಾಡಿಕೊಡುವ ಸಣ್ಣ ಕಂಪನಿ. ಸೀಲುಗಳು ಅವಧಿಗೆ ಮೊದಲೇ ಬಿರುಕು ಬಿಡುತ್ತಿವೆ ಎಂದು ಗ್ರಾಹಕರು ದೂರುತ್ತಿದ್ದಾರೆ. ವಿಶ್ವವಿದ್ಯಾಲಯದವರಿಂದ ಸಂಶೋಧನೆ ಮಾಡಿಸಬೇಕೆಂದಿದ್ದೇವೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಿಮಗೆ ಬೇಕಿರುವುದು ಸಂಶೋಧನೆಯೇ ಹೌದೋ ಎಂಬುದನ್ನು ಮೊದಲು ನೋಡಿಕೊಳ್ಳಿ. ಸಂಶೋಧನೆ ಬೇಕೆಂದು ಬರುವ ಕಂಪನಿಗಳಲ್ಲಿ ಎಷ್ಟೋ ಮಂದಿಗೆ ನಿಜವಾಗಿ ಬೇಕಿರುವುದು ನಾಲ್ಕು ಪರೀಕ್ಷೆಗಳ ವರದಿ, ಇಲ್ಲವೇ ಒಬ್ಬ ತಜ್ಞರ ಎರಡು ದಿನದ ಸಲಹೆ. ಪರೀಕ್ಷೆ ಎರಡು–ಮೂರು ವಾರದಲ್ಲಿ ಮುಗಿಯುತ್ತದೆ, ದರಪಟ್ಟಿ ಇರುತ್ತದೆ, ಫಲಿತಾಂಶ ಪೂರ್ತಿ ನಿಮ್ಮದು. ಕನ್ಸಲ್ಟೆನ್ಸಿಯಲ್ಲಿ ಪ್ರಾಧ್ಯಾಪಕರು ತಮಗೆ ಈಗಾಗಲೇ ಗೊತ್ತಿರುವುದನ್ನು ಹೇಳುತ್ತಾರೆ, ಅದು ಕೆಲವು ವಾರಗಳ ಮಾತು. ಪ್ರಾಯೋಜಿತ ಸಂಶೋಧನೆ ಎಂದರೆ ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆ. ಅದಕ್ಕೆ ಒಂದರಿಂದ ಎರಡು ವರ್ಷ ಇಟ್ಟುಕೊಳ್ಳಿ. ಪಿಎಚ್.ಡಿ. ವಿದ್ಯಾರ್ಥಿಯನ್ನು ಒಳಗೊಂಡರೆ ಮೂರರಿಂದ ನಾಲ್ಕು ವರ್ಷ. ಪರೀಕ್ಷೆಯಿಂದ ತೀರುವ ಸಮಸ್ಯೆಗೆ ಪಿಎಚ್.ಡಿ. ಹಚ್ಚಿದರೆ ಗ್ರಾಹಕರು ಅಷ್ಟರಲ್ಲಿ ಬೇರೆ ಪೂರೈಕೆದಾರರನ್ನು ಹುಡುಕಿಕೊಂಡಿರುತ್ತಾರೆ.

ನಿಮ್ಮ ವಿಷಯಕ್ಕೆ ಬರೋಣ. ‘ನಮ್ಮ ಸೀಲಿನ ಗುಣಮಟ್ಟ ಸುಧಾರಿಸಬೇಕು’ ಎಂದು ಬರೆದು ಕಳಿಸಿದರೆ ಯಾವ ಪ್ರಾಧ್ಯಾಪಕರಿಗೂ ಅದರಿಂದ ಏನೂ ತಿಳಿಯುವುದಿಲ್ಲ. ಒಂದು ಪುಟದ ಸಮಸ್ಯಾ ವಿವರಣೆ ಹೀಗಿರಲಿ: ‘70 ಶೋರ್ ಎ ಗಡಸುತನದ ನೈಟ್ರೈಲ್ ರಬ್ಬರ್ ಸೀಲು. 90 ಡಿಗ್ರಿ ಸೆಲ್ಸಿಯಸ್ ಬಿಸಿಯ ಖನಿಜ ತೈಲದಲ್ಲಿ, 6 ಬಾರ್ ಒತ್ತಡದಲ್ಲಿ 4,000 ಗಂಟೆ ಬಾಳಬೇಕು. ಈಗ 1,500 ಗಂಟೆಯ ಹೊತ್ತಿಗೆ ಒಳತುಟಿಯಲ್ಲಿ ಬಿರುಕು ಕಾಣುತ್ತಿದೆ. ಕೆಟ್ಟವುಗಳ ಗಡಸುತನ 82ಕ್ಕೆ ಏರಿದೆ. ಕೆಟ್ಟವೆಲ್ಲ ಎರಡು ಬ್ಯಾಚಿನವು. ಆ ಬ್ಯಾಚುಗಳಿಗೆ ಕಾರ್ಬನ್ ಬ್ಲ್ಯಾಕ್ ಬೇರೆ ಕಡೆಯಿಂದ ಬಂದಿತ್ತು. ಕಾರಣ ತಿಳಿದರೆ ನಾವು ಮಿಶ್ರಣ ಬದಲಿಸುತ್ತೇವೆ, ಇಲ್ಲವೇ ಪೂರೈಕೆದಾರರನ್ನು ಬದಲಿಸುತ್ತೇವೆ. ಮೂರು ತಿಂಗಳೊಳಗೆ ತೀರ್ಮಾನವಾಗಬೇಕು.’

ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ಉತ್ತರ ಬಂದ ಮೇಲೆ ನೀವು ಏನು ಮಾಡುವವರಿದ್ದೀರಿ ಎಂದು ತಿಳಿದರೆ ಎದುರಿಗಿರುವವರು ಎಷ್ಟು ಆಳಕ್ಕೆ ಹೋಗಬೇಕೆಂದು ಲೆಕ್ಕ ಹಾಕುತ್ತಾರೆ. ಯಾವ ಉತ್ತರ ಬಂದರೂ ನಿಮ್ಮ ಕೆಲಸದಲ್ಲಿ ಏನೂ ಬದಲಾಗುವುದಿಲ್ಲ ಎಂದಾದರೆ ಆ ಪ್ರಶ್ನೆಗೆ ದುಡ್ಡು ಹಾಕಬೇಡಿ.

ಮೇಲಿನ ವಿವರಣೆ ಓದಿದ ಪಾಲಿಮರ್ ತಜ್ಞರು ಅಲ್ಲೇ ಅರ್ಧ ದಾರಿ ಸವೆಸಿರುತ್ತಾರೆ. ಗಡಸುತನ ಏರಿದೆ ಎಂದರೆ ಬಿಸಿಯಿಂದ ರಬ್ಬರು ಮುಪ್ಪಾಗಿರುವ ಶಂಕೆ ಮೊದಲು. ಉಬ್ಬಿ ಮೆತ್ತಗಾಗಿದ್ದರೆ ತೈಲಕ್ಕೂ ರಬ್ಬರಿಗೂ ಹೊಂದಿಕೆಯಿಲ್ಲ. ಎಳೆತದ ದಿಕ್ಕಿಗೆ ಅಡ್ಡಲಾಗಿ ಸಾಲು ಬಿರುಕುಗಳಿದ್ದರೆ ಓಝೋನ್ ಕಡೆಗೆ ನೋಡುತ್ತಾರೆ, ಆಗ ತಪ್ಪು ಇರುವುದು ಪಂಪಿನಲ್ಲಲ್ಲ, ಸೀಲುಗಳನ್ನು ಶೇಖರಿಸಿಟ್ಟ ಕೋಣೆಯಲ್ಲಿ ಇರಬಹುದು. ಒತ್ತಡದಲ್ಲಿ ಇಟ್ಟು ತೆಗೆದ ಮೇಲೆ ಸೀಲು ಎಷ್ಟು ಮೊದಲಿನ ಆಕಾರಕ್ಕೆ ಮರಳುತ್ತದೆ ಎಂಬುದಕ್ಕೆ ಐಎಸ್‌ಒ 815 ಪರೀಕ್ಷೆ ಇದೆ. ಇಷ್ಟಕ್ಕೆ ಸಂಶೋಧನಾ ಒಪ್ಪಂದ ಬೇಕಿಲ್ಲ.

ಸ್ಯಾಂಪಲ್ ಕಳಿಸುವಾಗ ಕೆಟ್ಟವನ್ನು ಮಾತ್ರ ಕಳಿಸುವುದು ಎಲ್ಲರೂ ಮಾಡುವ ತಪ್ಪು. ಕೆಟ್ಟದ್ದು, ಅದೇ ಬ್ಯಾಚಿನ ಬಳಸದೇ ಇರುವುದು, ಚೆನ್ನಾಗಿ ಬಾಳಿದ ಬ್ಯಾಚಿನದು, ಹೀಗೆ ಮೂರು ಗುಂಪು ಬೇಕು. ಒಂದೊಂದರಲ್ಲಿ ಕನಿಷ್ಠ ಐದು. ಬೇರೆ ಬೇರೆ ಚೀಲದಲ್ಲಿ ಹಾಕಿ, ಬ್ಯಾಚ್ ಸಂಖ್ಯೆ ಮತ್ತು ಓಡಿದ ಗಂಟೆ ಬರೆಯಿರಿ. ಪಂಪಿನಲ್ಲಿ ಯಾವ ಮುಖ ತೈಲದ ಕಡೆಗಿತ್ತು ಎಂದು ಗುರುತು ಹಾಕಿ. ಚೆನ್ನಾಗಿ ಕಾಣಲಿ ಎಂದು ಸಾಲ್ವೆಂಟಿನಿಂದ ಒರೆಸಬೇಡಿ. ಮೇಲ್ಮೈ ಮೇಲಿನ ಸುಳಿವೆಲ್ಲ ಅದರ ಜೊತೆ ಹೋಗುತ್ತದೆ. ಬಳಸಿದ ತೈಲದ್ದೂ ಒಂದು ಬಾಟಲಿ ಇರಲಿ.

ಪ್ರಶ್ನೆ: ಸರಿಯಾದ ಪ್ರಾಧ್ಯಾಪಕರನ್ನು ಹುಡುಕುವುದು ಹೇಗೆ? ವಿಭಾಗದ ಮುಖ್ಯಸ್ಥರಿಗೆ ಮೂರು ಇಮೇಲ್ ಕಳಿಸಿದೆವು, ಒಂದಕ್ಕೂ ಉತ್ತರ ಬರಲಿಲ್ಲ.

ಉತ್ತರ: ಮುಖ್ಯಸ್ಥರಿಗೆ ಬರೆದದ್ದೇ ತೊಡಕು. ಅವರ ಇನ್‌ಬಾಕ್ಸ್‌ನಲ್ಲಿ ಆಡಳಿತದ ಪತ್ರಗಳ ರಾಶಿ ಬಿದ್ದಿರುತ್ತದೆ. ನಿಮ್ಮ ವಿಷಯದ ಮೇಲೆ ಕಳೆದ ಐದು ವರ್ಷಗಳಲ್ಲಿ ಪ್ರಬಂಧ ಪ್ರಕಟಿಸಿದವರನ್ನು ಹುಡುಕಿ. ಪ್ರಬಂಧದ ಕೊನೆಯ ಕೃತಜ್ಞತಾ ಸಾಲುಗಳನ್ನು ಓದಿ. ಅಲ್ಲಿ ಕಂಪನಿಗಳ ಹೆಸರಿದ್ದರೆ ಆ ಗುಂಪಿಗೆ ಉದ್ಯಮದ ಜೊತೆ ಕೆಲಸ ಮಾಡಿ ರೂಢಿಯಿದೆ ಎಂದರ್ಥ. ಇಂಥವರು ಗಡುವು, ಗೋಪ್ಯತೆ ಎಂದರೆ ಬೆಚ್ಚುವುದಿಲ್ಲ. ಹೆಚ್ಚಿನ ವಿಶ್ವವಿದ್ಯಾಲಯಗಳ ಆನ್‌ಲೈನ್ ಭಂಡಾರದಲ್ಲಿ ಪಿಎಚ್.ಡಿ. ಥೀಸಿಸ್‌ಗಳು ಸಿಗುತ್ತವೆ. ಜರ್ನಲ್ ಲೇಖನದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ಪ್ರಯೋಗದ ವಿಧಾನ ಅಲ್ಲಿ ಇಪ್ಪತ್ತು ಪುಟ ಇರುತ್ತದೆ. ಯಾವ ಉಪಕರಣ ಆ ಲ್ಯಾಬಿನದ್ದೇ, ಯಾವುದಕ್ಕೆ ಬೇರೆ ಕಡೆ ಹೋಗಿದ್ದರು ಎಂಬುದೂ ಅಲ್ಲೇ ತಿಳಿಯುತ್ತದೆ.

ಇಮೇಲ್ ಚಿಕ್ಕದಾಗಿರಲಿ. ನೀವು ಯಾರು ಎಂದು ಒಂದು ಸಾಲು, ಸಮಸ್ಯೆ ಎರಡು ಸಾಲು, ಅವರ ಯಾವ ಪ್ರಬಂಧ ಓದಿ ಬರೆಯುತ್ತಿದ್ದೀರಿ ಎಂದು ಒಂದು ಸಾಲು, ಅರ್ಧ ಗಂಟೆಯ ಕರೆಗೆ ಕೋರಿಕೆ. ಹತ್ತು ದಿನ ಕಾದು ಒಮ್ಮೆ ನೆನಪಿಸಿ. ಆಮೇಲೂ ಸದ್ದಿಲ್ಲದಿದ್ದರೆ ತಂತ್ರಜ್ಞಾನ ವರ್ಗಾವಣೆ ಕಚೇರಿ ಅಥವಾ ಉದ್ಯಮ ಸಂಪರ್ಕ ಕಚೇರಿಗೆ ಬರೆಯಿರಿ. ಪರೀಕ್ಷೆ ನಡೆಯುವ, ಸೆಮಿಸ್ಟರ್ ಮುಗಿಯುವ ವಾರಗಳಲ್ಲಿ ಬರೆದರೆ ಮಾತ್ರ ಯಾರಿಂದಲೂ ಏನೂ ನಿರೀಕ್ಷಿಸಬೇಡಿ.

ಮೊದಲ ಭೇಟಿಯಲ್ಲಿ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ‘ಈ ಕೆಲಸವನ್ನು ಕೈಯಾರೆ ಮಾಡುವವರು ಯಾರು?’ ಹೆಸರಾಂತ ಪ್ರಾಧ್ಯಾಪಕರ ಹೆಸರಿಗೆ ದುಡ್ಡು ಕೊಟ್ಟು, ಕೆಲಸ ಮಾತ್ರ ಮೊನ್ನೆ ಸೇರಿದ ವಿದ್ಯಾರ್ಥಿಯ ಪಾಲಿಗೆ ಹೋಗುವುದು ಅಪರೂಪವಲ್ಲ. ವಿದ್ಯಾರ್ಥಿ ಮಾಡುವುದರಲ್ಲಿ ತಪ್ಪಿಲ್ಲ. ಜೊತೆಗೆ ಅನುಭವಿ ಪೋಸ್ಟ್‌ಡಾಕ್ (ಪಿಎಚ್.ಡಿ. ಮುಗಿಸಿ ಸಂಶೋಧನೆಯಲ್ಲಿ ಮುಂದುವರಿದವರು) ಅಥವಾ ಲ್ಯಾಬಿನ ತಂತ್ರಜ್ಞರು ಇದ್ದಾರೆಯೇ ಎಂದು ಕೇಳಿ, ಸಾಧ್ಯವಾದರೆ ಅವರ ಜೊತೆ ನೇರವಾಗಿ ಮಾತಾಡಿ.

ಪ್ರಶ್ನೆ: ಪ್ರಾಧ್ಯಾಪಕರು ಬಾಯಲ್ಲಿ ಹೇಳಿದ ಮೊತ್ತಕ್ಕೂ ವಿಶ್ವವಿದ್ಯಾಲಯದ ಕಚೇರಿ ಕಳಿಸಿದ ಕೊಟೇಶನ್ನಿಗೂ ಸುಮಾರು ಒಂದೂವರೆ ಪಟ್ಟು ವ್ಯತ್ಯಾಸ. ಇದು ಸರಿಯೇ?

ಉತ್ತರ: ಆ ವ್ಯತ್ಯಾಸದ ಹೆಸರು ಓವರ್‌ಹೆಡ್. ಪ್ರಾಧ್ಯಾಪಕರು ಹೇಳಿದ್ದು ನೇರ ಖರ್ಚು: ಸಂಶೋಧಕರ ಸಂಬಳ ಅಥವಾ ಶಿಷ್ಯವೇತನ, ರಾಸಾಯನಿಕ, ಉಪಕರಣದ ಗಂಟೆ, ಪ್ರಯಾಣ. ಕಟ್ಟಡ, ವಿದ್ಯುತ್ತು, ಗ್ರಂಥಾಲಯ, ಲೆಕ್ಕಪತ್ರ ವಿಭಾಗ, ಸುರಕ್ಷತಾ ವ್ಯವಸ್ಥೆ ಇವುಗಳ ಪಾಲನ್ನು ಕಚೇರಿ ಶೇಕಡಾವಾರು ಲೆಕ್ಕದಲ್ಲಿ ಸೇರಿಸುತ್ತದೆ. ನೇರ ಖರ್ಚು 100 ಇದ್ದು ಓವರ್‌ಹೆಡ್ ಶೇ 40 ಆದರೆ 140. ಅದರ ಮೇಲೆ ತೆರಿಗೆ ಅನ್ವಯಿಸಿದರೆ ಅದೂ ಬೇರೆ.

ಶೇಕಡಾವಾರನ್ನು ಇಳಿಸಲು ಚೌಕಾಸಿ ಮಾಡಿ ಪ್ರಯೋಜನವಿಲ್ಲ, ಅದು ಸಾಮಾನ್ಯವಾಗಿ ಆಡಳಿತ ಮಂಡಳಿ ನಿಗದಿಪಡಿಸಿದ ದರ. ಯಾವುದರ ಮೇಲೆ ಹಾಕುತ್ತಿದ್ದಾರೆ ಎಂದು ಮಾತ್ರ ಖಂಡಿತ ಕೇಳಿ. ಯೋಜನೆಗೆಂದೇ ಕೊಳ್ಳುವ ದೊಡ್ಡ ಉಪಕರಣವನ್ನು ಎಷ್ಟೋ ಕಡೆ ಓವರ್‌ಹೆಡ್ ಲೆಕ್ಕದಿಂದ ಹೊರಗಿಡುತ್ತಾರೆ. ಅದು ಒಳಗೆ ಸೇರಿದ್ದರೆ ಕೊಟೇಶನ್ ಸುಮ್ಮನೆ ಉಬ್ಬಿರುತ್ತದೆ. ಹಾಗೆಯೇ ಯೋಜನೆ ಮುಗಿದ ಮೇಲೆ ಆ ಉಪಕರಣ ಯಾರದ್ದು ಎಂದು ಕರಾರಿನಲ್ಲಿ ಒಂದು ಸಾಲು ಬರೆಸಿ. ಬರೆಸದಿದ್ದರೆ ಅದು ವಿಶ್ವವಿದ್ಯಾಲಯದಲ್ಲೇ ಉಳಿಯುತ್ತದೆ ಎಂದೇ ತಿಳಿಯಿರಿ.

ಪಾವತಿಯನ್ನು ಕಂತಿನಲ್ಲಿ ಇಡಿ. ಸಹಿಯ ಹೊತ್ತಿಗೆ ಶೇ 30, ಮಧ್ಯಂತರ ವರದಿಗೆ 30, ಕರಡು ವರದಿಗೆ 25, ಅಂತಿಮ ವರದಿ ಮತ್ತು ಕಚ್ಚಾ ದತ್ತಾಂಶ ಕೈಸೇರಿದ ಮೇಲೆ 15 ಎಂಬುದು ಇಬ್ಬರಿಗೂ ಒಗ್ಗುವ ಹಂಚಿಕೆ. ಮೊದಲ ಕಂತು ತೀರಾ ಸಣ್ಣದಾದರೆ ಅವರು ಆಳನ್ನು ನೇಮಿಸಿಕೊಳ್ಳಲಾಗದೆ ಕೆಲಸ ಶುರುವಾಗುವುದೇ ಇಲ್ಲ. ಕೊನೆಯ ಕಂತನ್ನು ‘ಸೀಲು 4,000 ಗಂಟೆ ಬಾಳಿದರೆ’ ಎಂಬ ಷರತ್ತಿಗೆ ಕಟ್ಟಿಹಾಕಲು ಹೋಗಬೇಡಿ. ಫಲಿತಾಂಶದ ಖಾತರಿಯನ್ನು ಯಾವ ವಿಶ್ವವಿದ್ಯಾಲಯವೂ ಕೊಡುವುದಿಲ್ಲ, ಶಕ್ತಿಮೀರಿ ಪ್ರಯತ್ನಿಸುತ್ತೇವೆ ಎಂದಷ್ಟೇ ಬರೆದುಕೊಡುತ್ತದೆ. ‘ಇಂತಿಷ್ಟು ಮಿಶ್ರಣಗಳ ಮೇಲೆ, ಇಂಥ ಪರೀಕ್ಷೆಯನ್ನು, ಇಷ್ಟು ಸಲ ನಡೆಸಿ ವರದಿ ಕೊಡುವುದು’ ಎಂದು ಕೆಲಸಕ್ಕೆ ಕಂತು ಕಟ್ಟಿ.

ಪ್ರಶ್ನೆ: ದುಡ್ಡು ಪೂರ್ತಿ ನಮ್ಮದು. ಆದರೂ ಪೇಟೆಂಟ್ ತಮ್ಮದೇ ಎನ್ನುತ್ತಾರೆ. ಇದ್ಯಾವ ನ್ಯಾಯ?

ಉತ್ತರ: ಸಿಟ್ಟು ಅರ್ಥವಾಗುತ್ತದೆ. ಆದರೆ ನೀವು ದುಡ್ಡು ಕೊಟ್ಟಿರುವುದು ಎರಡು ವರ್ಷದ ಕೆಲಸಕ್ಕೆ; ಆ ಲ್ಯಾಬು ತರುತ್ತಿರುವುದು ಹದಿನೈದು ವರ್ಷದ ಗಳಿಕೆಯನ್ನು. ಅದಕ್ಕೇ ಕರಾರಿನಲ್ಲಿ ಎರಡು ಪಟ್ಟಿ ಬೇಕು. ಯೋಜನೆಗೆ ಮೊದಲೇ ಯಾರ ಬಳಿ ಏನಿತ್ತು ಎಂಬ ಹಿನ್ನೆಲೆ ಪಟ್ಟಿ ಒಂದು, ಯೋಜನೆಯಲ್ಲಿ ಹೊಸದಾಗಿ ಹುಟ್ಟುವುದರ ಹಂಚಿಕೆ ಇನ್ನೊಂದು. ಮೊದಲನೆಯದನ್ನು ಹೆಸರಿಟ್ಟು, ದಿನಾಂಕ ಹಾಕಿ ಅನುಬಂಧದಲ್ಲಿ ಸೇರಿಸಿ. ಇದನ್ನು ಬರೆಯದೆ ಬಿಟ್ಟ ಕಡೆಗಳಲ್ಲೇ ಮುಂದೆ ‘ಇದು ನಮಗೆ ಮೊದಲೇ ಗೊತ್ತಿತ್ತು’ ಎಂಬ ಜಗಳ ಹುಟ್ಟುವುದು.

ಒಡೆತನ ಸಿಗಲಿಲ್ಲ ಎಂದ ಮಾತ್ರಕ್ಕೆ ಕೈತಪ್ಪಿತು ಎಂದಲ್ಲ. ನಿಮ್ಮ ಬಳಕೆಯ ಕ್ಷೇತ್ರಕ್ಕೆ ಮಾತ್ರ ಏಕಮಾತ್ರ ಲೈಸೆನ್ಸ್ ಪಡೆದರೆ ನಿಮ್ಮ ಪ್ರತಿಸ್ಪರ್ಧಿಗೆ ಅದು ಸಿಗುವುದಿಲ್ಲ, ವಿಶ್ವವಿದ್ಯಾಲಯ ಬೇರೆ ಕ್ಷೇತ್ರದವರಿಗೆ ಮಾರಿಕೊಳ್ಳಬಹುದು. ‘ಪಂಪು ಮತ್ತು ಕವಾಟಗಳ ಸೀಲುಗಳಿಗೆ’ ಎಂದು ಕ್ಷೇತ್ರವನ್ನು ಬರೆಯಿರಿ. ‘ಎಲ್ಲ ರಬ್ಬರ್ ಉತ್ಪನ್ನಗಳಿಗೆ’ ಎಂದು ಬರೆದರೆ ಬೆಲೆ ಏರುತ್ತದೆ, ನಿಮಗೆ ಅದರಿಂದ ಬರುವ ಲಾಭ ಏನಿಲ್ಲ. ಈಗಲೇ ತೀರ್ಮಾನಿಸಲಾಗದಿದ್ದರೆ ಆಯ್ಕೆಯ ಹಕ್ಕು ಕೇಳಿ: ಆವಿಷ್ಕಾರ ತಿಳಿಸಿದ ದಿನದಿಂದ ಮೂರರಿಂದ ಆರು ತಿಂಗಳು ಬೇರೆಯವರ ಜೊತೆ ಮಾತಾಡದೆ ಮೊದಲು ನಿಮ್ಮ ಜೊತೆ ಮಾತಾಡಬೇಕು ಎಂಬ ಷರತ್ತು. ಪೇಟೆಂಟ್ ಅರ್ಜಿಯ ಖರ್ಚನ್ನು ಈ ಅವಧಿಯಲ್ಲಿ ನೀವು ಹೊರುವುದು ವಾಡಿಕೆ. ಬ್ರಿಟನ್‌ನಲ್ಲಿ 2005ರಿಂದ ಬಳಕೆಯಲ್ಲಿರುವ ಲ್ಯಾಂಬರ್ಟ್ ಮಾದರಿ ಒಪ್ಪಂದಗಳು ಈ ಬೇರೆ ಬೇರೆ ಹಂಚಿಕೆಗಳಿಗೆ ಬೇರೆ ಬೇರೆ ಕರಡು ಇಟ್ಟಿವೆ, ಉಚಿತವಾಗಿ ಸಿಗುತ್ತವೆ. ನಿಮ್ಮ ದೇಶದ ಕಾನೂನಿಗೆ ಹಾಗೇ ಹೊಂದದಿದ್ದರೂ ಮಾತುಕತೆಗೆ ಕೂರುವ ಮೊದಲು ಓದಿಕೊಂಡರೆ ಏನೇನು ಕೇಳಬಹುದು ಎಂಬುದು ತಿಳಿಯುತ್ತದೆ.

‘ಇಬ್ಬರದ್ದೂ ಇರಲಿ ಬಿಡಿ’ ಎಂದು ಜಂಟಿ ಒಡೆತನಕ್ಕೆ ಒಪ್ಪುವುದು ಕೇಳಲು ಸೊಗಸು, ಮುಂದೆ ತಲೆನೋವು. ಅಮೆರಿಕದಲ್ಲಿ ಪೇಟೆಂಟಿನ ಜಂಟಿ ಒಡೆಯರಲ್ಲಿ ಯಾರು ಬೇಕಾದರೂ ಇನ್ನೊಬ್ಬರನ್ನು ಕೇಳದೆ, ಲಾಭದ ಲೆಕ್ಕ ಒಪ್ಪಿಸದೆ ಅದನ್ನು ಬಳಸಬಹುದು. ಬ್ರಿಟನ್‌ನಲ್ಲಿ ತಾನು ಬಳಸಬಹುದು, ಆದರೆ ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಮೂರನೆಯವರಿಗೆ ಲೈಸೆನ್ಸ್ ಕೊಡುವಂತಿಲ್ಲ. ಕರಾರಿನಲ್ಲಿ ಬೇರೇನೂ ಬರೆಯದಿದ್ದರೆ ಈ ನಿಯಮಗಳೇ ನಡೆಯುತ್ತವೆ. ಒಂದೇ ಆವಿಷ್ಕಾರಕ್ಕೆ ಎರಡು ದೇಶದಲ್ಲಿ ಎರಡು ಥರದ ಪಾಡು.

ಇನ್ನು, ಎದುರಿಗಿರುವವರ ಕೈಯಲ್ಲಿ ಹಕ್ಕು ನಿಜವಾಗಿಯೂ ಇದೆಯೇ ಎಂಬುದನ್ನೂ ನೋಡಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಔಷಧ ಕಂಪನಿ ರೋಶ್ ನಡುವಿನ ಮೊಕದ್ದಮೆ ಇದಕ್ಕೆ ಹೆಸರುವಾಸಿ. ಅಲ್ಲಿನ ಸಂಶೋಧಕರೊಬ್ಬರು ತಮ್ಮ ಆವಿಷ್ಕಾರಗಳನ್ನು ‘ವರ್ಗಾಯಿಸಲು ಒಪ್ಪುತ್ತೇನೆ’ ಎಂದು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಿದ್ದರು. ಆಮೇಲೆ ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ತಂತ್ರ ಕಲಿಯಲು ಸೀಟಸ್ ಎಂಬ ಕಂಪನಿಗೆ ಹೋದಾಗ ಸಹಿ ಹಾಕಿದ ಕಾಗದದಲ್ಲಿ ‘ಈ ಮೂಲಕ ವರ್ಗಾಯಿಸುತ್ತೇನೆ’ ಎಂದಿತ್ತು. ಸೀಟಸ್‌ನ ಪಿಸಿಆರ್ ವ್ಯವಹಾರವನ್ನು ಮುಂದೆ ರೋಶ್ ಕೊಂಡಿತು. ಎರಡನೆಯ ಕಾಗದಕ್ಕೇ ಬಲ ಹೆಚ್ಚು ಎಂದಾಯಿತು. ಸರ್ಕಾರಿ ಅನುದಾನದಿಂದ ಹುಟ್ಟಿದ ಆವಿಷ್ಕಾರವನ್ನು ವಿಶ್ವವಿದ್ಯಾಲಯಗಳು ಇಟ್ಟುಕೊಳ್ಳಲು ದಾರಿ ಮಾಡಿದ 1980ರ ಬೇ–ಡೋಲ್ ಕಾಯ್ದೆಯಿಂದ ಒಡೆತನ ತಾನಾಗಿ ವಿಶ್ವವಿದ್ಯಾಲಯಕ್ಕೆ ಸೇರುವುದಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪಿತ್ತಿತು. ಸ್ವೀಡನ್‌ನಲ್ಲಂತೂ ಆವಿಷ್ಕಾರ ಇಂದಿಗೂ ಪ್ರಾಧ್ಯಾಪಕರದ್ದೇ. ಜರ್ಮನಿ ಆ ಪದ್ಧತಿಯನ್ನು 2002ರಲ್ಲಿ ಕೈಬಿಟ್ಟಿತು. ವಿದ್ಯಾರ್ಥಿಗಳು ಎಷ್ಟೋ ಕಡೆ ನೌಕರರಲ್ಲ, ಹಾಗಾಗಿ ಅವರು ಕಂಡುಹಿಡಿದದ್ದು ಬರೆದುಕೊಡದ ಹೊರತು ಅವರದ್ದೇ. ಯೋಜನೆಯಲ್ಲಿ ಕೈಯಾಡಿಸುವ ಪ್ರತಿಯೊಬ್ಬರ, ಬೇಸಿಗೆಗೆ ಬಂದ ಇಂಟರ್ನ್‌ನದ್ದೂ ಸೇರಿ, ಸಹಿಯಿರುವ ವರ್ಗಾವಣೆ ಪತ್ರವನ್ನು ಮೊದಲ ಕಂತಿಗೆ ಮುನ್ನ ಕೇಳಿ.

ಪ್ರಶ್ನೆ: ಪ್ರಬಂಧ ಪ್ರಕಟಿಸಲು ಬಿಟ್ಟರೆ ನಮ್ಮ ಗುಟ್ಟೆಲ್ಲ ಹೊರಗೆ ಹೋಗುವುದಿಲ್ಲವೇ? ಪ್ರಕಟಣೆಯನ್ನೇ ನಿಷೇಧಿಸಬಹುದೇ?

ಉತ್ತರ: ನಿಷೇಧಿಸಲು ಹೋದರೆ ಒಳ್ಳೆಯ ಗುಂಪುಗಳು ಒಪ್ಪುವುದಿಲ್ಲ, ಒಪ್ಪುವ ಗುಂಪಿನ ಬಗ್ಗೆ ನೀವೇ ಅನುಮಾನಪಡಬೇಕು. ಪ್ರಬಂಧವೇ ಅವರ ಬಡ್ತಿ, ವಿದ್ಯಾರ್ಥಿಗೆ ಅದೇ ಪದವಿ. ನಿಷೇಧದ ಬದಲು ಕೇಳಬೇಕಾದದ್ದು ಸಮಯ. ಪ್ರಕಟಣೆಗೆ ಕಳಿಸುವ 30 ದಿನ ಮೊದಲು ಕರಡನ್ನು ನಿಮಗೆ ತೋರಿಸಬೇಕು. ಪೇಟೆಂಟ್‌ಗೆ ಯೋಗ್ಯವಾದದ್ದು ಕಂಡರೆ ಅರ್ಜಿ ಹಾಕಲು ಇನ್ನು 60 ದಿನ ತಡೆಹಿಡಿಯಬೇಕು. ಹೆಚ್ಚುಕಡಿಮೆ ಇಷ್ಟಕ್ಕೆ ಎಲ್ಲರೂ ಒಪ್ಪುತ್ತಾರೆ.

‘ಪ್ರಕಟಣೆ’ ಎಂದರೆ ಜರ್ನಲ್ ಲೇಖನ ಮಾತ್ರ ಎಂದುಕೊಳ್ಳಬೇಡಿ. ಸಮ್ಮೇಳನದ ಸಾರಾಂಶ, ಗೋಡೆಗೆ ಅಂಟಿಸಿದ ಪೋಸ್ಟರ್, ಸಾರ್ವಜನಿಕರಿಗೆ ತೆರೆದ ಮೌಖಿಕ ಪರೀಕ್ಷೆ, ಆನ್‌ಲೈನ್ ಭಂಡಾರಕ್ಕೆ ಏರಿಸಿದ ಥೀಸಿಸ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಯುರೋಪಿಯನ್ ಪೇಟೆಂಟ್ ನಿಯಮದಲ್ಲಿ ಅರ್ಜಿಗೆ ಮುನ್ನ ಎಲ್ಲಿಯೇ ಆಗಲಿ ಬಹಿರಂಗವಾದರೆ ಹೊಸತನ ಹೋಯಿತು, ವಿನಾಯಿತಿಗಳು ತೀರಾ ಕಡಿಮೆ. ಅಮೆರಿಕದಲ್ಲಿ ಆವಿಷ್ಕಾರಕರೇ ಬಹಿರಂಗಪಡಿಸಿದ್ದಕ್ಕೆ ಒಂದು ವರ್ಷದ ಅವಕಾಶವಿದೆ. ಎರಡೂ ಮಾರುಕಟ್ಟೆ ಬೇಕಿದ್ದರೆ ಕಠಿಣ ನಿಯಮವನ್ನೇ ಪಾಲಿಸಿ. ಕರಾರಿನ ವ್ಯಾಖ್ಯೆಯಲ್ಲಿ ಇವೆಲ್ಲವನ್ನೂ ಹೆಸರಿಸಿ, ಏಕೆಂದರೆ ಸಮ್ಮೇಳನದ ಗಡುವು ನಾಳೆ ಎಂದಾಗ 30 ದಿನದ ನೆನಪು ಯಾರಿಗೂ ಇರುವುದಿಲ್ಲ. ಅರ್ಜಿ ಹಾಕಿದ ಪೇಟೆಂಟ್ ಕೂಡ ಸಾಮಾನ್ಯವಾಗಿ 18 ತಿಂಗಳ ಬಳಿಕ ಪ್ರಕಟವಾಗುತ್ತದೆ ಎಂಬುದೂ ಗೊತ್ತಿರಲಿ.

ನಿಜಕ್ಕೂ ಗುಟ್ಟಾಗಿಡಬೇಕಾದದ್ದನ್ನು ಲ್ಯಾಬಿಗೆ ಹೇಳದೆ ಇರುವುದೇ ಲೇಸು. ಮಿಶ್ರಣಗಳನ್ನು ಅ, ಆ, ಇ ಎಂದು ಗುರುತಿಸಿ ಕಳಿಸಿ. ಸುರಕ್ಷತೆಗೆ ಬೇಕಾದ ಮಾಹಿತಿಯನ್ನು ಮಾತ್ರ ಮುಚ್ಚಿಡಬೇಡಿ, ಯಾವುದು ಉರಿಯುತ್ತದೆ, ಯಾವುದು ವಿಷ ಎಂದು ಅವರಿಗೆ ತಿಳಿದಿರಲೇಬೇಕು. ಮೊದಲ ಕರೆಗೇ ಗೋಪ್ಯತಾ ಒಪ್ಪಂದ ಹಿಡಿದು ಹೋದರೆ ಕಾನೂನು ವಿಭಾಗದಲ್ಲಿ ಒಂದು ತಿಂಗಳು ಕಳೆಯುತ್ತದೆ. ಗುಟ್ಟಿಲ್ಲದ ಒಂದು ಪುಟದ ಸಾರಾಂಶ ಇಟ್ಟುಕೊಂಡು ಮೊದಲ ಮಾತು ಮುಗಿಸಿ.

ಪ್ರಶ್ನೆ: ಒಪ್ಪಂದವಾಗಿ ಎಂಟು ತಿಂಗಳಾಯಿತು. ಒಂದೂ ವರದಿ ಬಂದಿಲ್ಲ, ಕೇಳಿದರೆ ಕೆಲಸ ನಡೆಯುತ್ತಿದೆ ಎನ್ನುತ್ತಾರೆ. ಏನು ಮಾಡುವುದು?

ಉತ್ತರ: ಮೊದಲು ನಿಮ್ಮ ಕಡೆ ನೋಡಿಕೊಳ್ಳಿ. ತಡವಾದ ಯೋಜನೆಗಳನ್ನು ಬಿಚ್ಚಿ ನೋಡಿದರೆ ಕಂಪನಿ ಕಳಿಸಬೇಕಿದ್ದ ಸ್ಯಾಂಪಲ್ಲೋ ಚಿತ್ರವೋ ಹಳೆಯ ದತ್ತಾಂಶವೋ ತಿಂಗಳುಗಟ್ಟಲೆ ನಿಂತಿರುವುದು ಎಷ್ಟೋ ಸಲ ಕಾಣುತ್ತದೆ. ಕಂಪನಿಯಲ್ಲಿ ಈ ಕೆಲಸದ ಹೊಣೆ ಹೊತ್ತವರು ಒಬ್ಬರೇ ಇರಬೇಕು, ಅವರಿಗೆ ವಾರಕ್ಕೆ ಅರ್ಧ ದಿನವಾದರೂ ಬಿಡುವು ಕೊಡಬೇಕು. ‘ಎಲ್ಲರೂ ಗಮನಿಸುತ್ತಿದ್ದಾರೆ’ ಎಂದರೆ ಯಾರೂ ಗಮನಿಸುತ್ತಿಲ್ಲ ಎಂದೇ ಅರ್ಥ.

ನಿಮ್ಮ ಕಡೆ ಬಾಕಿ ಇಲ್ಲದಿದ್ದರೆ ಲ್ಯಾಬಿಗೆ ಹೋಗಿ. ವರದಿ ಕೇಳಬೇಡಿ, ಕಚ್ಚಾ ದತ್ತಾಂಶ ಮತ್ತು ಲ್ಯಾಬ್ ನೋಟ್‌ಬುಕ್ ತೋರಿಸಲು ಕೇಳಿ. ಕೆಲಸ ನಡೆದಿದ್ದರೆ ಅಲ್ಲಿ ಕಾಣುತ್ತದೆ. ಉಪಕರಣ ಕೆಟ್ಟಿದೆಯೋ, ವಿದ್ಯಾರ್ಥಿ ಬಿಟ್ಟುಹೋಗಿದ್ದಾರೋ, ಪ್ರಯೋಗವೇ ಕೈಕೊಟ್ಟಿದೆಯೋ ಎಂಬುದು ಅರ್ಧ ಗಂಟೆಯಲ್ಲಿ ಹೊರಬೀಳುತ್ತದೆ. ಕೈಕೊಟ್ಟ ಪ್ರಯೋಗವನ್ನು ಹೇಳಿಕೊಳ್ಳಲು ವಿದ್ಯಾರ್ಥಿಗಳು ಹಿಂಜರಿಯುತ್ತಾರೆ. ‘ಏನೇನು ನಡೆಯಲಿಲ್ಲ?’ ಎಂದು ನೀವೇ ಕೇಳಿದರೆ ಬಾಯಿ ಬಿಡುತ್ತಾರೆ.

ಮುಂದಿನ ಒಪ್ಪಂದದಲ್ಲಾದರೂ ಈ ಅಂಶಗಳು ಇರಲಿ: ತಿಂಗಳಿಗೊಮ್ಮೆ ಅರ್ಧ ಗಂಟೆಯ ಸಭೆ, ಎರಡು ಪುಟ ಮೀರದ ತ್ರೈಮಾಸಿಕ ಟಿಪ್ಪಣಿ, ಆರನೇ ತಿಂಗಳಲ್ಲಿ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂಬ ತೀರ್ಮಾನ, ಮುಖ್ಯ ಸಂಶೋಧಕರು ಬೇರೆ ಕಡೆ ಹೋದರೆ ಬದಲಿ ವ್ಯಕ್ತಿಯನ್ನು ನೀವು ಒಪ್ಪಬೇಕೆಂಬ ಷರತ್ತು. ನಿಲ್ಲಿಸುವುದಾದರೆ 60ರಿಂದ 90 ದಿನದ ನೋಟಿಸ್ ಸಾಮಾನ್ಯ. ಪಿಎಚ್.ಡಿ. ವಿದ್ಯಾರ್ಥಿ ಇದ್ದರೆ ಅವರ ಶಿಷ್ಯವೇತನವನ್ನು ಒಪ್ಪಿದ ಅವಧಿಯವರೆಗೆ ನೀವೇ ಕೊಡಬೇಕೆಂದು ವಿಶ್ವವಿದ್ಯಾಲಯ ಕೇಳುತ್ತದೆ. ಅದು ನ್ಯಾಯವಾದ ಬೇಡಿಕೆ, ಬಜೆಟ್‌ನಲ್ಲಿ ಮೊದಲೇ ಎತ್ತಿಡಿ.

ಪ್ರಶ್ನೆ: ವಿದ್ಯಾರ್ಥಿ ಪ್ರಾಜೆಕ್ಟ್ ಕೊಟ್ಟರೆ ಖರ್ಚಿಲ್ಲದೆ ಕೆಲಸ ಆಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಕೊಟೇಶನ್‌ನಲ್ಲಿ ಖರ್ಚಿಲ್ಲ, ನಿಮ್ಮ ಎಂಜಿನಿಯರರ ಸಮಯದಲ್ಲಿದೆ. ನಾಲ್ಕು ತಿಂಗಳ ಪ್ರಾಜೆಕ್ಟ್‌ನಲ್ಲಿ ಮೊದಲ ತಿಂಗಳು ವಿಷಯ ಅರ್ಥಮಾಡಿಕೊಳ್ಳಲು, ಕೊನೆಯದ್ದು ವರದಿ ಬರೆಯಲು ಹೋಗುತ್ತದೆ. ಉಳಿದ ಎರಡು ತಿಂಗಳಲ್ಲಿ ಆಗುವಷ್ಟನ್ನೇ ಕೊಡಿ: ಲಭ್ಯವಿರುವ ವಿಧಾನಗಳ ಹೋಲಿಕೆ, ಹಳೆಯ ದೂರುಗಳ ದತ್ತಾಂಶ ವಿಶ್ಲೇಷಣೆ, ಒಂದು ಪರೀಕ್ಷಾ ಸಾಧನದ ವಿನ್ಯಾಸ. ಗ್ರಾಹಕರಿಗೆ ಮಾತು ಕೊಟ್ಟ ಕೆಲಸವನ್ನು ಮಾತ್ರ ಕೊಡಬೇಡಿ. ಒಳ್ಳೆಯವರನ್ನು ಮುಂದೆ ಕೆಲಸಕ್ಕೆ ಸೇರಿಸಿಕೊಳ್ಳಲು ಇದಕ್ಕಿಂತ ಸಲೀಸಾದ ಪರೀಕ್ಷೆ ಇಲ್ಲ.

ದೊಡ್ಡ ಪ್ರಶ್ನೆಗೆ ಸಂಶೋಧಕರನ್ನು ಕಂಪನಿಯೊಳಗೇ ಕೂರಿಸುವ ವ್ಯವಸ್ಥೆಗಳಿವೆ. ಫ್ರಾನ್ಸ್‌ನ ಸಿಫ್ರ್ ಯೋಜನೆಯಲ್ಲಿ ಪಿಎಚ್.ಡಿ. ವಿದ್ಯಾರ್ಥಿಯನ್ನು ಮೂರು ವರ್ಷ ಕಂಪನಿಯೇ ನೌಕರಿಗೆ ಇಟ್ಟುಕೊಳ್ಳುತ್ತದೆ, ಸರ್ಕಾರ ನೆರವು ಕೊಡುತ್ತದೆ. ಅದು 1981ರಿಂದ ನಡೆದು ಬಂದಿದೆ. ಬ್ರಿಟನ್‌ನಲ್ಲಿ 1975ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ ಈಗ ಜ್ಞಾನ ವರ್ಗಾವಣೆ ಪಾಲುದಾರಿಕೆ ಎನಿಸಿಕೊಂಡಿರುವ ಯೋಜನೆಯೂ ಇದೇ ಜಾಯಮಾನದ್ದು. ನಿಮ್ಮ ದೇಶದಲ್ಲಿ ಇಂಥದ್ದಿದೆಯೇ ಎಂದು ಉದ್ಯಮ ಸಂಪರ್ಕ ಕಚೇರಿಯನ್ನು ಕೇಳಿ.

ಪ್ರಶ್ನೆ: ಲ್ಯಾಬಿನಲ್ಲಿ ಚೆನ್ನಾಗಿ ಬಂದ ಅಂಟಿನ ಸೂತ್ರ ನಮ್ಮ ಕಾರ್ಖಾನೆಯ ಪಾತ್ರೆಯಲ್ಲಿ ಕೆಟ್ಟುಹೋಗುತ್ತಿದೆ. ವಿಶ್ವವಿದ್ಯಾಲಯದವರು ತಮ್ಮ ಕೆಲಸ ಮುಗಿಯಿತು ಎನ್ನುತ್ತಾರೆ. ತಪ್ಪು ಯಾರದ್ದು?

ಉತ್ತರ: ಬಹುಶಃ ಯಾರದ್ದೂ ಅಲ್ಲ, ಲೆಕ್ಕದ್ದು. ಒಂದು ಲೀಟರಿನ ಪಾತ್ರೆಯನ್ನು ಅದೇ ಆಕಾರದಲ್ಲಿ ಸಾವಿರ ಲೀಟರಿಗೆ ಹಿಗ್ಗಿಸಿದರೆ ಎತ್ತರ, ಅಗಲ ಹತ್ತು ಪಟ್ಟಾಗುತ್ತವೆ, ಮೇಲ್ಮೈ ನೂರು ಪಟ್ಟಾಗುತ್ತದೆ, ಒಳಗಿನ ದ್ರವ ಸಾವಿರ ಪಟ್ಟು. ಅಂದರೆ ಪ್ರತಿ ಲೀಟರಿಗೆ ಸಿಗುವ ತಣಿಸುವ ಗೋಡೆ ಹತ್ತರಲ್ಲಿ ಒಂದಕ್ಕೆ ಇಳಿಯಿತು. ಅಂಟು ಗಟ್ಟಿಯಾಗುವಾಗ ಬಿಸಿ ಹೊರಹೊಮ್ಮುವ ಬಗೆಯದ್ದಾದರೆ ಲ್ಯಾಬಿನಲ್ಲಿ ಸುಮ್ಮನೆ ಹೊರಹೋಗುತ್ತಿದ್ದ ಬಿಸಿ ಇಲ್ಲಿ ಒಳಗೇ ಉಳಿಯುತ್ತದೆ. ಕ್ರಿಯೆ ವೇಗ ಪಡೆದು ಮತ್ತಷ್ಟು ಬಿಸಿ ಹುಟ್ಟಿಸುತ್ತದೆ, ಅಂಟು ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಇದು ಮಾಲು ಕೆಡುವುದಕ್ಕೆ ನಿಲ್ಲದೆ ಅಪಘಾತಕ್ಕೂ ದಾರಿಯಾಗಬಹುದು. ಆದ್ದರಿಂದ ಕಾರಣ ತಿಳಿಯುವವರೆಗೆ ದೊಡ್ಡ ಪಾತ್ರೆಯಲ್ಲಿ ಮತ್ತೆ ಪ್ರಯತ್ನಿಸಬೇಡಿ.

ಎರಡನೆಯ ಶಂಕೆ ಕಚ್ಚಾವಸ್ತು. ಲ್ಯಾಬಿನಲ್ಲಿ ಶುದ್ಧ ದರ್ಜೆಯ ರಾಸಾಯನಿಕ, ಒಂದೇ ಬಾಟಲಿಯಿಂದ ತೆಗೆದದ್ದು. ನಿಮ್ಮಲ್ಲಿ ಕೈಗಾರಿಕಾ ದರ್ಜೆಯ ಡ್ರಮ್ಮು, ಅದರಲ್ಲಿ ತೇವಾಂಶ, ಲೋಹದ ಅಂಶ. ನಿಮ್ಮ ಡ್ರಮ್ಮಿನ ಮಾಲನ್ನು ಲ್ಯಾಬಿನ ಒಂದು ಲೀಟರ್ ಪಾತ್ರೆಯಲ್ಲಿ ಹಾಕಿ ನೋಡಿ. ಅಲ್ಲೂ ಕೆಟ್ಟರೆ ತೊಡಕು ಮಾಲಿನದು. ಅಲ್ಲಿ ಚೆನ್ನಾಗಿ ಬಂದರೆ ಗಾತ್ರದ್ದು, ಆಗ 10 ಲೀಟರ್, 100 ಲೀಟರ್ ಹೀಗೆ ಮೆಟ್ಟಿಲು ಹತ್ತಬೇಕು, ಪ್ರತಿ ಹಂತದಲ್ಲೂ ಪಾತ್ರೆಯ ನಡುವಿನ ಮತ್ತು ಗೋಡೆಯ ಪಕ್ಕದ ತಾಪಮಾನವನ್ನು ಬೇರೆ ಬೇರೆ ಅಳೆಯಬೇಕು.

ತಂತ್ರಜ್ಞಾನದ ಸಿದ್ಧತೆಯನ್ನು 1ರಿಂದ 9ರವರೆಗೆ ಅಳೆಯುವ ನಾಸಾ ಮೂಲದ ಮಾಪಕವೊಂದಿದೆ. ವಿಶ್ವವಿದ್ಯಾಲಯದ ಲ್ಯಾಬು ಹೆಚ್ಚಾಗಿ 4ರ ಸುಮಾರಿಗೆ ಕೈಬಿಡುತ್ತದೆ, ಕಾರ್ಖಾನೆಗೆ ಬೇಕಿರುವುದು 7ರಿಂದ ಮೇಲೆ. ನಡುವಿನ ಕೆಲಸಕ್ಕೆ ಪ್ರಬಂಧ ಹುಟ್ಟುವುದಿಲ್ಲವಾದ್ದರಿಂದ ಪ್ರಾಧ್ಯಾಪಕರಿಗೆ ಆಸಕ್ತಿ ಇರುವುದಿಲ್ಲ. ಅದನ್ನು ಪೈಲಟ್ ಘಟಕ ಇರುವ ಅನ್ವಯಿಕ ಸಂಶೋಧನಾ ಸಂಸ್ಥೆಗಳ ಬಳಿ ಮಾಡಿಸಬೇಕು. ಜರ್ಮನಿಯಲ್ಲಿ 1949ರಲ್ಲಿ ಹುಟ್ಟಿದ ಫ್ರಾನ್‌ಹೋಫರ್ ಇಂಥ ಕೆಲಸಕ್ಕೇ ಹೆಸರಾದದ್ದು. ಸೂತ್ರ ಬರೆದ ವಿದ್ಯಾರ್ಥಿಯನ್ನು ಆ ಹಂತಕ್ಕೆ ಕೆಲವು ದಿನದ ಕನ್ಸಲ್ಟೆನ್ಸಿಯ ಮೇಲೆ ಕರೆಸಿಕೊಳ್ಳಿ. ಯಾವ ತಾಪಮಾನ ದಾಟಿದರೆ ಮಿಶ್ರಣದ ಬಣ್ಣ ತಿರುಗುತ್ತದೆ, ಯಾವುದನ್ನು ಎಷ್ಟು ನಿಧಾನವಾಗಿ ಸುರಿಯಬೇಕು ಎಂಬಂಥ ಸಂಗತಿಗಳು ಅಂತಿಮ ವರದಿಯಲ್ಲಿ ಇರುವುದಿಲ್ಲ, ಅವರ ನೋಟ್‌ಬುಕ್ಕಿನ ಅಂಚಿನಲ್ಲಿ ಇರುತ್ತವೆ.